ಬಿಚ್ಚಿ ಕಟ್ಟುವ ಮನೆ

ಆಡೂರಿನ ಬಡಿಗ ಉಡಚಪ್ಪ ಐವತ್ತು ದಾಟಿದರೂ ಸಮುದ್ರ ಕಂಡವನಲ್ಲ. ಊರ ಕೆರೆಯನ್ನೇ ಮನಸ್ಸಿನಲ್ಲಿ ಹಿಗ್ಗಿಸಿ, ಅದೇ ಸಮುದ್ರ ಅಂದುಕೊಂಡಿದ್ದ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಹುಲಗೂರಿನ ನಿಯಾಜನ ಲಾರಿ ಹತ್ತಿ, ಘಟ್ಟ ಇಳಿದು, ಕುಮಟೆಯ ಆಚೆ ಮಗಳ ಗುಡಿಸಲ ಮುಂದೆ ನಿಂತಾಗ ಅವನ ಎದೆ ಧಸಕ್ಕೆಂದಿತು. ಕೆರೆ ಪಾಪ, ಇದ್ದಲ್ಲಿ ಇರುತ್ತದೆ. ಇದು ಮಂದಿಯ ಅಂಗಳದ ತನಕ ಬಂದು ಬಂದು ಹೋಗುತ್ತಿತ್ತು.

ಮಗಳು ಅಡಿವೆವ್ವ ಗಂಡ ಲಕ್ಕಪ್ಪನ ಜೊತೆ ಮೀನಿನ ಬಂದರಿಗೆ ದುಡಿಯಲು ಬಂದು ಎರಡು ವರ್ಷವಾಗಿತ್ತು. ಎರಡೂ ಮಳೆಗಾಲದಲ್ಲಿ ಕಡಲು ದಂಡೆ ಕೊರೆದು ಅವರ ಗುಡಿಸಲನ್ನು ನುಂಗಿತ್ತು. ಕೇರಿಯ ಮೀನುಗಾರರದೂ ಅದೇ ಪಾಡು. ವರ್ಷ ವರ್ಷ ಕಟ್ಟುವುದು, ವರ್ಷ ವರ್ಷ ಕಳೆದುಕೊಳ್ಳುವುದು.

"ಕಡಲು ಸರದಂಗ ಮನಿನೂ ಸರೀಬೇಕವ್ವಾ," ಅಂದ ಉಡಚಪ್ಪ. "ಚಕ್ಕಡಿ ಬಿಚ್ಚಿ ಕಟ್ಟೂದಿಲ್ಲೇನು? ಹಂಗ ಬಿಚ್ಚಿ ಕಟ್ಟೂ ಮನಿ ಮಾಡಿ ಕೊಡತೇನಿ ನಿನಗ."

ಊರಿಗೆ ಬಂದು ಹೇಳಿದರೆ ಹೆಂಡತಿ ಭರಮವ್ವ ನಕ್ಕಳು. "ಎತ್ತೂ ನೀನ ಹೂಡಿ ಕೊಡ ಮತ್ತ!"

ಉಡಚಪ್ಪ ನಗಲಿಲ್ಲ. ಹಿಡಿದ ಹಟ ಬಿಡುವ ಪೈಕಿಯವನಲ್ಲ. ಊರವರ ಚಕ್ಕಡಿಗಳನ್ನೆಲ್ಲ ಬದಿಗಿಟ್ಟು ಮೂರು ಅಂಕಣದ ಮನೆ ಮಾಡಿದ. ಒಂದೊಂದು ಅಂಕಣವೂ ತನ್ನ ಕಾಲ ಮೇಲೆ ತಾನು ನಿಲ್ಲುವಂಥದು. ಒಂದು ಬಿದ್ದರೆ ಇನ್ನೊಂದನ್ನು ಎಳೆಯಬಾರದು, ಮಕ್ಕಳುಮರಿಯಾದರೆ ನಾಲ್ಕನೆಯದನ್ನು ಜೋಡಿಸಬೇಕು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆಂದು ಒಂದು ಮೊಳೆ ಹೊಡೆಯಲಿಲ್ಲ, ಎಲ್ಲ ಕಡೆ ಜಾಲಿಯ ಗೂಟ. ಗೋಡೆಗೆ ಬಿದಿರಿನ ತಟ್ಟಿ, ಮೇಲೆ ಹೊದಿಸಲು ಅಲ್ಲಿಯದೇ ತೆಂಗಿನ ಗರಿ. ಹೊಸ್ತಿಲು ಮಾತ್ರ ಹಾನಗಲ್ಲಿಗೆ ಹೋಗಿ ತಾನೇ ಆರಿಸಿ ತಂದ ತೇಗದ್ದು. ಹೊಸ್ತಿಲಿಲ್ಲದ್ದು ಮನೆಯಲ್ಲ, ದನದ ಕೊಟ್ಟಿಗೆ ಎನ್ನುವುದು ಅವನ ಮಾತು.

ಮನೆ ಲಾರಿಯಲ್ಲಿ ಘಟ್ಟ ಇಳಿಯಿತು. ಅಡಿವೆವ್ವ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಒಳಗೆ ಕಾಲಿಟ್ಟಳು. ಮರುವರ್ಷ ಮಿರಗ ಮಳೆಗೆ ಮುಂಚೆ ಗಂಡ ಹೆಂಡತಿ ಇಬ್ಬರೇ ಅರ್ಧ ದಿನದಲ್ಲಿ ಮನೆ ಬಿಚ್ಚಿ, ಹಿಂದೆ ಸರಿದು, ಮತ್ತೆ ನಿಲ್ಲಿಸಿದರು. ಆ ಮಳೆಗಾಲದಲ್ಲಿ ಕಡಲು ಬಂದು ಬರಿ ಮರಳು ತಿಂದು ಹೋಯಿತು. ತಮಗೂ ಅಂಥದೇ ಬೇಕೆಂದು ಕೇರಿಯವರು ಕೇಳಿದರು. ಉಡಚಪ್ಪ ಆ ವರ್ಷವಿಡೀ ಆಡೂರಿನ ಓಣಿಯಲ್ಲಿ ಎದೆ ಸೆಟೆಸಿಯೇ ಓಡಾಡಿದ.

ಎಂಬತ್ತರ ರೋಹಿಣಿ ಮಳೆಯಲ್ಲಿ ಲಕ್ಕಪ್ಪ ಒಬ್ಬನೇ ಆಡೂರಿಗೆ ಬಂದ. ಮದುವೆಯಾಗಿ ಆರು ವರ್ಷಕ್ಕೆ, ಹರಕೆಯ ಮೇಲೆ ಹರಕೆ ಹೊತ್ತ ಮೇಲೆ, ಅಡಿವೆವ್ವ ಬಸುರಿಯಾಗಿದ್ದಳು.

"ಕಡಲು ದಂಡಿ ಕೊರದು ಅಡಗಿಮನಿ ಅಂಕಣದ ಬೆನ್ನಿಗೇ ಬಂದೈತ್ರಿ ಮಾವಾ," ಅಂದ. "ಮನಿ ಸರಸಬೇಕು. ಖರೆ, ಹಿಂತಾದ್ರಾಗ ಸರಸಬೌದೋ ಇಲ್ಲೋ, ನಿಮ್ಮನ್ನ ಕೇಳೂಣು ಅಂತ ಬಂದೆ."

ಬಸುರಿ ಇದ್ದ ಮನೆಯಲ್ಲಿ ಕಂಬ ಕೀಳುವುದಿಲ್ಲ, ಹೊಸ್ತಿಲು ಅಲುಗಿಸುವುದಿಲ್ಲ. ಹೊಸ್ತಿಲು ಅಲುಗಿದರೆ ಹೊಟ್ಟೆಯೊಳಗಿನ ಕೂಸು ಅಲುಗುತ್ತದೆಂದು ಆ ಕಡೆಯ ನಂಬಿಕೆ. ಉಡಚಪ್ಪನಂತೂ ಯಾರ ಮನೆಗೆ ಹೋದರೂ ಅದನ್ನು ಕೇಳಿಯೇ ಉಳಿ ಹಿಡಿಯುತ್ತಿದ್ದ. ಎಷ್ಟೋ ಮನೆಗಳಿಂದ ಬರಿಗೈಲಿ ಎದ್ದು ಬಂದಿದ್ದ. ಮನೆಯನ್ನೇ ನಡೆಸುವಷ್ಟು ತಲೆ ಓಡಿಸಿದವನಿಗೆ, ಈ ನಂಬಿಕೆಯನ್ನೂ ಒಂದು ದಿನ ಬದಿಗಿಡಬಹುದೆಂದು ಯಾಕೆ ಹೊಳೆಯಲಿಲ್ಲವೋ!

"ಈ ಸಲ ಬ್ಯಾಡ್ರಿ ಅಳಿಯಾರ," ಅಂದ. "ಹೊಸ್ತಿಲ ಮುಟ್ಟಬ್ಯಾಡ್ರಿ. ನಾ ಕಟ್ಟಿದ ಮನಿ ಐತಿ, ಒಂದ ಮಳಿ ತಡೀತೈತಿ."

"ಹಂಗಾರ ಅಕೀನ್ನರ ಇಲ್ಲಿಗೆ ಕರಕೊಂಡ ಬರ್ಲೇನ್ರಿ?"

"ಘಟ್ಟದ ಹಾದಿ, ಲಾರಿ ಕುಲುಕಾಟ," ಎಂದಳು ಭರಮವ್ವ. "ಐದನೇ ತಿಂಗಳಾಗ ಬ್ಯಾಡ. ಏಳರಾಗ ಕುಬಸ ಮಾಡಿ ನಾವ ಕರಕೊಂಡ ಬರ್ತೇವಿ. ಹಸರ ಸೀರಿನೂ ತಂದಿಟ್ಟೇನಿ."

ಲಕ್ಕಪ್ಪನದು ಅತ್ತ ದರಿ ಇತ್ತ ಪುಲಿ. ಹಿರಿಯರ ಮಾತು ಮೀರಲಾರದೆ ಹೊರಟುಹೋದ.

ಆರಿದ್ರಾ ಮಳೆ ಹಿಡಿದು ಸುರಿಯುತ್ತಿದ್ದಾಗ ಒಂದು ಮಧ್ಯಾಹ್ನ ನಿಯಾಜನ ಲಾರಿ ಉಡಚಪ್ಪನ ಬಾಗಿಲಿಗೆ ಬಂದು ನಿಂತಿತು. ನಿಯಾಜ ಇಳಿದವನೇ ಮುಖ ಎತ್ತದೆ, "ಲಾರಿ ಹತ್ತರಿ ಉಡಚಪ್ಪಣ್ಣ. ಅಕ್ಕಾರನೂ ಕರೀರಿ. ಏನೂ ಕೇಳಬ್ಯಾಡ್ರಿ," ಎಂದ. ಘಟ್ಟದುದ್ದಕ್ಕೂ ಭರಮವ್ವ ಸೀಮಂತಕ್ಕೆಂದು ತಂದಿಟ್ಟ ಹಸಿರು ಸೀರೆಯ ಗಂಟನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು.

ಮಗಳನ್ನು ಮೀನುಗಾರರ ಜಗಲಿಯ ಮೇಲೆ ಮಲಗಿಸಿದ್ದರು. ಆ ಸೀರೆಯನ್ನೇ ಹೊದಿಸಿದರು.

ನಡೆದದ್ದನ್ನು ಲಕ್ಕಪ್ಪ ತಡೆದು ತಡೆದು ಹೇಳಿದ. "ನಾ ಬಂದರದಾಗಿದ್ದೆ ಮಾವಾ. ನೀರು ಏರೂದ ನೋಡಿ ಕೇರಿ ಗಂಡಸರು ಮನಿ ಬಿಚ್ಚಾಕ ಓಡಿ ಬಂದಾರ. ಇಕಿ ಬಾಗಲಕ್ಕ ಅಡ್ಡ ನಿಂತು ‘ನಮ್ಮಪ್ಪ ಬ್ಯಾಡ ಅಂದಾನ, ಮುಟ್ಟಬ್ಯಾಡ್ರಿ’ ಅಂದ್ಲಂತ. ಅವರು ತಿರುಗಿ ಹೋದ್ರು. ಇಕಿ ಒಲಿ ಹಚ್ಚಾಕ ಒಳಗ ಹೋದ್ಲು."

ಅಷ್ಟರಲ್ಲಿ ದಂಡೆ ಕುಸಿದು, ಅಡುಗೆಯ ಅಂಕಣ ಅವಳ ಸಮೇತ ಕಡಲಿಗೆ ಬಿದ್ದಿತ್ತು; ಮೀನುಗಾರರಿಗೆ ಸಿಕ್ಕಿದ್ದು ಹೆಣ ಮಾತ್ರ. ಉಳಿದೆರಡು ಅಂಕಣಗಳು ಉಡಚಪ್ಪ ಮಾಡಿದ ಹಾಗೆಯೇ, ಒಂದು ತಟ್ಟಿಯೂ ವಾಲದೆ ನಿಂತಿದ್ದವು. ಅದನ್ನು ನೋಡಿದಾಗ ಅವನಿಗೆ ತನ್ನ ಕೈಗಳ ಮೇಲೆಯೇ ಹೇಸಿಗೆ ಬಂತು.

ಮಣ್ಣು ಮಾಡಿ ಬಂದ ಮರುದಿನ ನೀರು ಇನ್ನೂ ಏರುತ್ತಿತ್ತು. ಲಕ್ಕಪ್ಪ ಮಾವನ ಹತ್ತಿರ ಬಂದು ಕೈ ಕಟ್ಟಿ ನಿಂತ.

"ಮಾವಾ, ಈಗ ಹೊಸ್ತಿಲ ಕೀಳಬೌದಲ್ರಿ?"

ಅದು ಚುಚ್ಚುಮಾತಲ್ಲ. ಪದ್ಧತಿ ಬಲ್ಲ ಹಿರಿಯನೆಂದು ನಿಜವಾಗಿಯೂ ಕೇಳಿದ್ದ. ಉಡಚಪ್ಪ ಕೊಡತಿ ಹಿಡಿದು ಬಾಗಿಲ ಬಳಿ ಕೂತು ಗೂಟಕ್ಕೆ ಮೆಲ್ಲಗೆ ಬಡಿದ. ಒಂದೇ ಏಟಿಗೆ ಹೊರಬಂತು. ಮಗಳೊಬ್ಬಳೇ ಇದ್ದರೂ ಕೀಳಲು ಬರಲಿ ಎಂದು ಅವನೇ ಅಷ್ಟು ಸರಾಗವಾಗಿ ಕೆತ್ತಿದ್ದ. ಎರಡನೆಯ ಗೂಟವೂ ಬಂತು, ಹೊಸ್ತಿಲು ಬಿಟ್ಟುಕೊಂಡಿತು. ಅದನ್ನು ಎದೆಗೆ ಅವಚಿಕೊಂಡು ಹಸಿ ಮರಳಿನಲ್ಲಿ ಕುಸಿದ.

"ನನ್ನ ಮಾತ ಯಾಕ ಕೇಳಿದ್ಯವ್ವಾ," ಎಂದು ಬಿಕ್ಕಿದ, "ಯಾಕ ಕೇಳಿದಿ ನೀ."