ಕಾಲಿಗೆ ಗುರಿಯಿಟ್ಟ ಬಂದೂಕು

ನಾನೊಂದು ಜೋಡುನಳಿಗೆಯ ಬಂದೂಕು. ಬೆಂಕಿಯಲ್ಲಿ ಕಾದು, ಎಣ್ಣೆಯಲ್ಲಿ ತಣಿದು, ತೇಗದ ಹಿಡಿ ತೊಟ್ಟು ಹುಟ್ಟಿದೆ. ಮೊದಲ ಗುಂಡನ್ನು ಮರಳಿನ ಚೀಲಕ್ಕೆ ಹೊಡೆದು ನೋಡಿದರು. ಮರಳು ಅಳಲಿಲ್ಲ. ಹಾಗಾಗಿ ನೋವೆಂದರೇನೆಂದು ನನಗೆ ಬಹಳ ಕಾಲ ತಿಳಿಯಲೇ ಇಲ್ಲ.

ಮೊದಲು ನನ್ನನ್ನು ಕೊಂಡವನು ವಿಜಯಪುರದ ಕಡೆಯ ಒಬ್ಬ ಮುದಿ ದೇಸಾಯಿ. ವರ್ಷವಿಡೀ ಗೂಟಕ್ಕೆ ತೂಗುಹಾಕಿ, ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಇಳಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ತೂಗುಹಾಕುತ್ತಿದ್ದ. ಇದೆಂಥ ಬೇಸರದ ಬಾಳು ಎಂದುಕೊಂಡಿದ್ದೆ. ಈಗ ತಿಳಿಯುತ್ತದೆ, ಅದು ಪುಣ್ಯದ ಬಾಳು.

ದೇಸಾಯಿ ತೀರಿಕೊಂಡ ಮೇಲೆ ಸಂಗನಗೌಡ ಲೈಸೆನ್ಸು ಮಾಡಿಸಿಕೊಂಡು ನನ್ನನ್ನು ಮನೆಗೆ ತಂದ. ದಾಳಿಂಬೆ ಬೆಳೆಯುವ, ಮೆತ್ತಗೆ ಮಾತಾಡುವ, ದೇವರಿಗೆ ಅಂಜುವ ಮನುಷ್ಯ. ಶ್ರಾವಣ ಬಂತೆಂದರೆ ಅವನ ಪಡಸಾಲೆಯಲ್ಲಿ ಪುರಾಣ. ಓದುವವನು ಪಕ್ಕದ ಹೊಲದ ದ್ಯಾವಪ್ಪ. ಅವನು ರಾಗವೆತ್ತಿ ಪದ್ಯ ಹಿಡಿದರೆ ಗೋಡೆಯ ಮೇಲಿನ ನನಗೂ ಮೈ ಜುಮ್ಮೆನ್ನುತ್ತಿತ್ತು. ಹಸು ಒಯ್ದ ಕಳ್ಳರ ಹಿಂದೆ ಕರುಗಳನ್ನೂ ಕಳಿಸಿಕೊಟ್ಟ ಶರಣನ ಕತೆ ಬಂದಾಗ ಗೌಡ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಒಂದು ವರ್ಷ ಸುತ್ತಲಿನ ತೋಟಗಳಲ್ಲಿ ದಾಳಿಂಬೆ ಕಳುವಾಗತೊಡಗಿತು. ಚಹಾಕ್ಕೆ ಬಂದವರೆಲ್ಲ ನನ್ನತ್ತ ನೋಡಿ ಮಾತಾಡಿದರು.

"ಬೇಲಿ ಒಳಗ ಕಾಲಿಟ್ಟವನ್ನ ಹೊಡದ್ರ ಯಾವ ಕಾಯ್ದೆನೂ ಕೇಳಂಗಿಲ್ಲ, ಗೌಡ್ರ."

"ಜೀವಾ ತಗೀಬ್ಯಾಡ್ರಿ, ಕಾಲಿಗಿ ಹೊಡೀರಿ. ಕುಂಟ್ಕೋತ ಹೋಗ್ತಾನ, ಅಷ್ಟ. ಇಲ್ಲಾಂದ್ರ ಅದನ್ಯಾಕ ತೂಗಹಾಕೀರಿ, ತೊಟ್ಟಲಾ ಮಾಡಿ ತೂಗಾಕೇನು?"

ಎಲ್ಲರೂ ನಕ್ಕರು. ಗೌಡ ನಗಲಿಲ್ಲ. ಮರುದಿನದಿಂದ ನನ್ನೊಳಗೆ ಕಾಡತೂಸು ತುಂಬಿ ತೋಟಕ್ಕೆ ಒಯ್ಯತೊಡಗಿದ. ಅವನ ಹೆಂಡತಿ ಶಾರವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ಅದು ಕೈಯಾಗ ಬಂದಾಗಿಂದ ನಿಮಗ ಎಲ್ಲಾರೂ ಕಳ್ಳರಂಗ ಕಾಣಾಕ ಹತ್ಯಾರ."

ಒಂದು ನಸುಕಿನಲ್ಲಿ ಗಿಡಗಳ ನಡುವೆ ಏನೋ ಅಲುಗಿತು. "ಯಾರಾಂವ?" ಎಂದ ಗೌಡ. ಒಡೆದ ಪೈಪಿನಿಂದ ನೀರು ಬುಸುಗುಡುತ್ತಿತ್ತು. ಆ ಸದ್ದಿನಲ್ಲಿ ಅವನ ಕೂಗು ಮುಳುಗಿಹೋಯಿತು. ಉತ್ತರ ಬರಲಿಲ್ಲ. ಗೌಡನ ಎದೆ ನನ್ನ ಹಿಡಿಗೆ ಬಡಿಯುತ್ತಿತ್ತು. ನಿಂತವನ ಮೊಣಕಾಲಿನ ಎತ್ತರಕ್ಕೆ ನನ್ನನ್ನು ಇಳಿಸಿ, ಬೆರಳು ಮಡಚಿ ನನ್ನ ಕುದುರೆ ಎಳೆದ. ನನ್ನೊಳಗಿನ ಸೀಸದ ಕಾಳುಗಳು ಒಂದೇ ದಾರಿ ಹಿಡಿದು ಹೋಗುವಂಥವಲ್ಲ. ಮುಷ್ಟಿಯಿಂದ ಎರಚಿದ ಬೀಜದಂತೆ ಹರಡುತ್ತವೆ.

ಅಲ್ಲಿದ್ದವನು ದ್ಯಾವಪ್ಪ. ನಸುಕಿಗೆ ಕರೆಂಟು ಬಂತೆಂದು ತನ್ನ ಪಂಪು ಹಾಕಲು ಹೊರಟವನು, ಗೌಡನ ಪೈಪು ಒಡೆದದ್ದು ಕಂಡು, ನೀರು ಹಾಳಾಗಬಾರದೆಂದು ಬೇಲಿ ದಾಟಿದ್ದ. ಕುಕ್ಕರಗಾಲಿನಲ್ಲಿ ಕುಳಿತು ಪೈಪು ಕಟ್ಟುತ್ತಿದ್ದ.

ಜೀವ ಉಳಿಯಿತು. ಎರಡೂ ಕಣ್ಣು ಹೋದವು.

ಪೊಲೀಸರು ನನ್ನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ವಿಚಾರಣೆಯ ದಿನ ಕೋರ್ಟಿನ ಪಡಸಾಲೆಯಲ್ಲಿ ಪೇದೆಯ ತೊಡೆಯ ಮೇಲಿದ್ದೆ. ಪಕ್ಕದಲ್ಲೇ ವಕೀಲ ಗೌಡನಿಗೆ ಪಿಸುಗುಟ್ಟುತ್ತಿದ್ದ: "ಅವನ ಕೈಯಾಗ ಕುಡಗೋಲಿತ್ತು, ಮೈಮ್ಯಾಲ ಬಂದ, ಜೀವಾ ಉಳಸ್ಕೊಳ್ಳಾಕ ಹೊಡದೆ. ಇಷ್ಟ ಅನ್ರಿ, ಮನಿಗಿ ಹೋಗ್ತೀರಿ. ಆ ನಸುಕಿನ್ಯಾಗ ಅವಗರ ಏನ ಕಂಡಿತ್ತು?"

ದ್ಯಾವಪ್ಪನನ್ನು ಕೈಹಿಡಿದು ಕರೆತಂದವಳು ಶಾರವ್ವ. ಅವನು ಕಟಕಟೆ ತಡವಿ ಹಿಡಿದು ಹೇಳಿದ: "ಕಾಲಿಗಿ ಹೊಡದಿದ್ದೆ ಅಂತ ಗೌಡ ಅಂದಾನ್ರಿ. ಅವ ಸುಳ್ಳಾಡೂ ಮನಶ್ಯಾ ಅಲ್ಲ." ಮತ್ತೆ ಅಂದ, "ನಾ ಕುಂತಿದ್ನಿರಿ."

ಆಮೇಲೆ ಗೌಡ ನಿಂತ. ನನ್ನನ್ನು ಮೇಜಿನ ಮೇಲಿಟ್ಟಿದ್ದರು. ನ್ಯಾಯಾಧೀಶರು ಕೇಳಿದರು: "ಅವರ ಕೈಯಲ್ಲಿ ಏನಿತ್ತು?"

ವಕೀಲ ಕೆಮ್ಮಿದ. ಗೌಡ ತಲೆ ಎತ್ತಲಿಲ್ಲ.

"ಪೈಪಿನ ತುಂಡ್ರಿ. ನಂದ ಪೈಪು."

"ಮತ್ತೆ ಯಾಕೆ ಹೊಡೆದಿರಿ?"

"ಅಂಜಿಕಿ ಆತ್ರಿ. ಬರಿಗೈಲೆ ಇದ್ದಿದ್ರ ಇಷ್ಟ ಅಂಜತಿರಲಿಲ್ಲ. ಹತ್ರ ಹೋಗಿ, ಯಾರಂತ ನೋಡತಿದ್ನಿ."

ಗೌಡನಿಗೆ ಶಿಕ್ಷೆಯಾಯಿತು. ನಾನು ಠಾಣೆಯ ಹಿಂದಿನ ಕೋಣೆಯಲ್ಲಿ, ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಬಿದ್ದಿದ್ದೇನೆ. ಕಸ ಗುಡಿಸಲು ಬಂದಾಗೆಲ್ಲ ಪೇದೆ ಅನ್ನುತ್ತಾನೆ: "ಇದರದೇನ ತಪ್ಪು ಬಿಡು, ಮಾಡಿದ್ದು ಕೈ." ಆ ಸಮಾಧಾನ ನನಗೆ ಒಗ್ಗುವುದಿಲ್ಲ. ಹತ್ತು ಹೆಜ್ಜೆ ನಡೆದು ಹೋಗಿ ಒಂದು ಮುಖ ನೋಡಬೇಕಾಗಿದ್ದ ಮನುಷ್ಯನಿಗೆ, ನಡೆಯುವ ಅಗತ್ಯವಿಲ್ಲ ಎಂದು ಅನ್ನಿಸುವಂತೆ ಮಾಡಿದ್ದು ನಾನು.

ಮೈಗೆ ತುಕ್ಕು ಏರುತ್ತಿದೆ. ಯಾರೂ ಒರೆಸದಿರಲಿ.