ನಿಂತ ಎಣ್ಣೆ

ಗದಗ ಜಿಲ್ಲೆಯಾದ ಮೂರನೆಯ ವರ್ಷ, ಹತ್ತಿಯ ಸುಗ್ಗಿ ಭರದಲ್ಲಿದ್ದ ಜನವರಿ ತಿಂಗಳಲ್ಲಿ, ಬೆಟಗೇರಿಯ ಹೊರಗಿನ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಮುತ್ತುರಾಜನ ಬೆರಳಿಗೆ ಗಾಯವಾಯಿತು. ದೊಡ್ಡ ಗಾಯವೇನಲ್ಲ, ಸೂಜಿ ಚುಚ್ಚಿದಷ್ಟು. ಅದನ್ನು ಹತ್ತಿರದಿಂದ ನೋಡಿದವನು ಯಮನೂರಸಾಬ ಒಬ್ಬನೇ. ನೋಡಿ, "ಏನೂ ಆಗಿಲ್ಲ ಬಿಡು" ಅಂದವನೂ ಅವನೇ.

ಯಮನೂರಸಾಬ ಮಲ್ಲಸಮುದ್ರದವನು. ಇಪ್ಪತ್ತೇಳು ವರ್ಷದಿಂದ ಆ ಫ್ಯಾಕ್ಟರಿಯ ಪ್ರೆಸ್ ಖೋಲಿಯಲ್ಲಿ ಫಿಟ್ಟರ್ ಆಗಿದ್ದ. ಬೀಜ ಬಿಡಿಸಿದ ಅರಳೆಯನ್ನು ಕಬ್ಬಿಣದ ದೊಡ್ಡ ಪೆಟ್ಟಿಗೆಯಲ್ಲಿ ತುಂಬುತ್ತಿದ್ದರು. ನೆಲದೊಳಗಿನ ತಗ್ಗಿನಿಂದ ಉಕ್ಕಿನ ದಪ್ಪ ಕಂಬವೊಂದು ಏಳುತ್ತ ಅದನ್ನು ಮೇಲಕ್ಕೆ ಒತ್ತುತ್ತಿತ್ತು. ಎರಡಾಳೆತ್ತರದ ಅರಳೆ ಸೊಂಟದೆತ್ತರಕ್ಕೆ ಇಳಿದು ಕಲ್ಲಿನಂತಾಗುತ್ತಿತ್ತು. ಆಗ ಆಳುಗಳು ಪಟ್ಟಿ ಬಿಗಿದು ಬೇಲು ಕಟ್ಟುತ್ತಿದ್ದರು. ಆ ಕಂಬವನ್ನು ಎತ್ತುವುದು ಬೇರೇನೂ ಅಲ್ಲ, ಪಂಪಿನಿಂದ ಹೆಬ್ಬೆರಳು ದಪ್ಪದ ಪೈಪಿನಲ್ಲಿ ಬರುವ ಎಣ್ಣೆ.

ಮುತ್ತುರಾಜ ಬೆಟಗೇರಿಯ ನೇಕಾರ ಓಣಿಯವನು. ಅಪ್ಪ ನಿಂಗಪ್ಪ ತೀರಿಕೊಂಡ ಮೇಲೆ ಮನೆಯ ಎರಡು ಕುಣಿಮಗ್ಗಗಳಲ್ಲಿ ಒಂದು ಸುಮ್ಮನೆ ನಿಂತಿತು, ಇನ್ನೊಂದರಲ್ಲಿ ಅವ್ವ ಬನಶಂಕರೆವ್ವ ಸೀರೆ ನೇಯುತ್ತಿದ್ದಳು. ಮುತ್ತುರಾಜ ಫ್ಯಾಕ್ಟರಿಗೆ ಸೇರಿದಾಗ ಅವನಿಗೆ ಇಪ್ಪತ್ತಾರು ತುಂಬಿತ್ತು, ಮದುವೆಯಾಗಿತ್ತು. ಬಂದ ವಾರದಲ್ಲೇ ಕೇಳಿದ್ದ: "ಕಾಕಾ, ಇಷ್ಟ ಸಣ್ಣ ಪೈಪಿನ ಎಣ್ಣಿ ಅಷ್ಟ ದೊಡ್ಡ ಕಂಬಾ ಹ್ಯಾಂಗ ಎತ್ತತೈತಿ?"

ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಯಮನೂರಸಾಬನಿಗೆ ಹಿಗ್ಗಾಯಿತು. ಪರಿಚಯದ ಕಂಪೌಂಡರನಿಂದ ಒಂದು ಸಣ್ಣ ಸಿರಿಂಜು, ಒಂದು ದೊಡ್ಡದು ಇಸಿದುಕೊಂಡು ಬಂದ. ಸಲೈನ್ ನಳಿಗೆಯಿಂದ ಎರಡನ್ನೂ ಜೋಡಿಸಿ ನೀರು ತುಂಬಿದ. "ನೀ ದೊಡ್ಡದು ಒತ್ತಿ ಹಿಡಿ. ನಾ ಸಣ್ಣದು ಒತ್ತತೀನಿ" ಅಂದ. ಮುತ್ತುರಾಜ ಎರಡೂ ಹೆಬ್ಬೆರಳು ಊರಿ ಹಿಡಿದ. ಯಮನೂರಸಾಬ ಕಿರುಬೆರಳಿನಿಂದ ಒತ್ತಿದ್ದಕ್ಕೇ ಅವನ ಹಿಡಿತ ಜಾರಿತು.

"ನೀರಿಗೆ, ಎಣ್ಣಿಗೆ ದಿಕ್ಕ ಗೊತ್ತಿಲ್ಲ ಲೇ" ಎಂದು ಯಮನೂರಸಾಬ ತಿಳಿಸಿ ಹೇಳಿದ. "ಒಂದ ಕಡೆ ಒತ್ತಿದ್ರ ಒಳಗ ಎಲ್ಲಾ ಕಡೆ ಅಷ್ಟ ಒತ್ತತೈತಿ. ಬಟ್ಟಿನಷ್ಟು ಜಾಗಾಕ್ಕ ಬಟ್ಟಿನಷ್ಟು ಬಲಾ. ಜಾಗಾ ನೂರ ಪಟ್ಟಾದ್ರ ಬಲಾನೂ ನೂರ ಪಟ್ಟು."

ಅಂದಿನಿಂದ ಅವನು ಮುತ್ತುರಾಜನನ್ನು ತನ್ನ ಜೋಡಿ ಇಟ್ಟುಕೊಂಡ. ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಿಸುವುದು, ವಾಲ್ವು ಬಿಚ್ಚುವುದು ಎಲ್ಲ ಕಲಿಸಿದ. ಎಣ್ಣೆ ಸೋರುವ ಜಾಗ ಹುಡುಕುವಾಗ ಕೈ ಹಚ್ಚಬಾರದು, ಕೋಲಿಗೆ ರಟ್ಟಿನ ತುಂಡು ಕಟ್ಟಿ ಹಿಡಿಯಬೇಕು ಎಂಬುದನ್ನು ಮೊದಲ ದಿನವೇ ಹೇಳಿದ್ದ. ಬಿಸಿ ಎಣ್ಣೆ ಕೈ ಸುಡುತ್ತದೆ ಎಂದಷ್ಟೇ ಅವನಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಿನದು ಅವನಿಗೂ ಯಾರೂ ಹೇಳಿರಲಿಲ್ಲ.

ಆ ದಿನ ಬೆಳಗಿನಿಂದ ಪ್ರೆಸ್ಸು ಕಾಡುತ್ತಿತ್ತು. ಕಂಬ ಏರಿ ನಿಂತ ಮೇಲೆ ಮೆಲ್ಲಗೆ ಕೆಳಗೆ ಜಗ್ಗುತ್ತಿತ್ತು, ಎಲ್ಲೋ ಎಣ್ಣೆ ಸೋರುತ್ತಿರಬೇಕು. ಮುಂಡರಗಿ ಕಡೆಯ ಲಾರಿಗಳು ಅಂಗಳದಲ್ಲಿ ಸಾಲುಗಟ್ಟಿದ್ದವು. ಮ್ಯಾನೇಜರ್ ಈಶಪ್ಪ ಎರಡು ಸಲ ಬಂದು ಮುಖ ಗಂಟು ಹಾಕಿಕೊಂಡು ಹೋಗಿದ್ದ. ಮಧ್ಯಾಹ್ನ ಮೂರರ ಸುಮಾರಿಗೆ ಬೇಲು ಪೂರ್ತಿ ಒತ್ತಿ ನಿಂತಾಗ, ಪಟ್ಟಿ ಕಟ್ಟುವ ಮೊದಲೇ, ಕರೆಂಟು ಹೋಯಿತು.

ಮೋಟರು ನಿಂತಿತು. ಬೀಜ ಬಿಡಿಸುವ ಜಿನ್ನಿನ ಗದ್ದಲವೂ ನಿಂತಿತು. ಆಳುಗಳು ಬೀಡಿ ಸೇದಲು ಹೊರಗೆ ಹೋದರು. ಆ ನಿಶ್ಶಬ್ದದಲ್ಲಿ ಮುತ್ತುರಾಜನಿಗೆ ಏನೋ ಕೇಳಿಸಿತು.

"ಕಾಕಾ, ಸದ್ದ ಕೇಳ್ರಿ. ಸುಂಯ್ ಅನ್ನಾಕತ್ತೈತಿ. ಈ ರಬ್ಬರ್ ಪೈಪಿನ ಕಡೆಯಿಂದ."

ಯಮನೂರಸಾಬ ಬ್ಯಾಟರಿ ಬಿಟ್ಟು ನೋಡಿದ. ಪೈಪಿನ ಅಡಿಯಲ್ಲಿ ಕತ್ತಲು, ಏನೂ ಕಾಣಲಿಲ್ಲ. ಒತ್ತಡದ ಮೀಟರಿನ ಮುಳ್ಳು ಸೊನ್ನೆಯ ಮೇಲಿತ್ತು. ಆ ಮೀಟರು ಕೆಟ್ಟು ಎರಡು ತಿಂಗಳಾಗಿತ್ತು, ಮುಳ್ಳು ಯಾವಾಗಲೂ ಸೊನ್ನೆಯ ಮೇಲೆಯೇ ಇರುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಆದರೂ ಕಣ್ಣು ಕಂಡದ್ದನ್ನು ಮನಸ್ಸು ನಂಬಿತು. ರಟ್ಟು ಕಟ್ಟಿದ ಕೋಲು ಖೋಲಿಯ ಆಚೆ ತುದಿಯಲ್ಲಿತ್ತು.

"ಮೋಟರ್ ಬಂದ್ ಐತಲ್ಲ. ಕೈಯಾಡಿಸಿ ನೋಡಲೇ. ಕರೆಂಟ್ ಬರೂದರಾಗ ಜಾಗಾ ಸಿಕ್ಕರ ಆತು."

ಮುತ್ತುರಾಜ ತಿರುಗಿ ನೋಡಿದ. "ಕೈಲೇನ್ರಿ?"

"ಹೂಂ. ಜಲ್ದಿ."

ಮುತ್ತುರಾಜ ಬಲಗೈಯನ್ನು ಪೈಪಿನ ಅಡಿಗೆ ಹಾಕಿ ಮೆಲ್ಲಗೆ ಸರಿಸುತ್ತ ಹೋದ. ಒಮ್ಮೆಲೇ "ಹಾ" ಎಂದು ಕೈ ಎಳೆದುಕೊಂಡ. ತೋರುಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ರಕ್ತ ಕೂಡ ಬಂದಿರಲಿಲ್ಲ.

"ಏನೋ ಚುಚ್ಚಿದಂಗಾತು."

"ಪೈಪಿನೊಳಗಿನ ತಂತಿ ಹರದು ಹೊರಗ ಬಂದಿರಬೇಕು" ಅಂದ ಯಮನೂರಸಾಬ. "ಏನೂ ಆಗಿಲ್ಲ ಬಿಡು." ಮುತ್ತುರಾಜ ಒಂದು ಹಿಡಿ ಅರಳೆಯಿಂದ ಬೆರಳು ಒರೆಸಿಕೊಂಡ.

ಆಮೇಲೆ ಪೈಪು ಬಿಚ್ಚಲೆಂದು ಯಮನೂರಸಾಬ ವಾಲ್ವು ತಿರುವಿ ಎಣ್ಣೆ ವಾಪಸು ಬಿಟ್ಟ. ಮೋಟರು ನಿಂತು ಕಾಲು ತಾಸಾಗಿದ್ದರೂ ಕಂಬ ದೊಡ್ಡದಾಗಿ ನರಳಿ ತಗ್ಗಿನೊಳಗೆ ಇಳಿಯಿತು, ಎಣ್ಣೆ ಟಾಕಿಗೆ ಭೋರೆಂದು ಹೋಯಿತು. ಇಷ್ಟೂ ಹೊತ್ತು ಆ ಪೈಪಿನಲ್ಲಿ ಬೇಲು ಒತ್ತುವಷ್ಟು ಒತ್ತಡ ಹಾಗೆಯೇ ಕೂತಿತ್ತು. ಚುಚ್ಚಿದ್ದು ತಂತಿಯಲ್ಲ, ಎಣ್ಣೆಯೇ ಇರಬೇಕು ಅನ್ನಿಸಿತು. ಅವನು ಮುತ್ತುರಾಜನ ಕಡೆ ಒಮ್ಮೆ ನೋಡಿ, ತಿರುಗಿ ಪೈಪು ಬಿಚ್ಚತೊಡಗಿದ.

ಐದು ಗಂಟೆಗೆ ಬೆರಳು ಜೋಮು ಹಿಡಿದು ಮಿಡಿಯತೊಡಗಿತು. ಯಮನೂರಸಾಬನೇ ಅವನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹತ್ತಿರದ ಡಾಕ್ಟರರ ಕಡೆ ಕರೆದೊಯ್ದ. ವಯಸ್ಸಾದ ಡಾಕ್ಟರು ಬೆರಳನ್ನು ದೀಪಕ್ಕೆ ಹಿಡಿದು ನೋಡಿದರು.

"ಏನ್ ಚುಚ್ಚಿತು?"

ಮುತ್ತುರಾಜ ಬಾಯಿ ತೆರೆಯುವ ಮೊದಲೇ ಯಮನೂರಸಾಬ ಅಂದ: "ತಂತಿ ರೀ."

ಯಾಕೆ ಹಾಗೆ ಅಂದೆ ಎಂದು ಆಮೇಲೆ ಅವನು ತನ್ನನ್ನು ತಾನು ಕೇಳಿಕೊಳ್ಳದ ದಿನವಿಲ್ಲ. ಎಣ್ಣೆ ಅಂದರೆ, ಕೈ ಯಾಕೆ ಹಾಕಿದಿ ಎಂದು ಕೇಳುತ್ತಾರೆ, ಹಾಕು ಅಂದವರು ಯಾರು ಎಂದೂ ಕೇಳುತ್ತಾರೆ. ಅದನ್ನು ತಪ್ಪಿಸಲಿಕ್ಕೆ ಹಾಗಂದನೋ, ಇಲ್ಲ ತಂತಿಯೇ ಆಗಿರಲಿ ಎಂಬ ಆಸೆಯಿಂದ ಅಂದನೋ, ಅವನಿಗೇ ತಿಳಿಯಲಿಲ್ಲ. ಡಾಕ್ಟರು ಧನುರ್ವಾಯುವಿನ ಇಂಜೆಕ್ಷನ್ ಚುಚ್ಚಿ, ಗುಳಿಗೆ ಕೊಟ್ಟು ಕಳಿಸಿದರು.

ಮರುದಿನ ಮುತ್ತುರಾಜ ಕೆಲಸಕ್ಕೆ ಬರಲಿಲ್ಲ. ಒಂಬತ್ತರ ಹೊತ್ತಿಗೆ ಯಮನೂರಸಾಬ ನೇಕಾರ ಓಣಿಗೆ ಹೋದ. ಬನಶಂಕರೆವ್ವ ಮಗ್ಗ ಬಿಟ್ಟು ಮಗನ ಪಕ್ಕದಲ್ಲಿ ಕುಳಿತಿದ್ದಳು. ಮುತ್ತುರಾಜ ಗೋಡೆಗೆ ಒರಗಿದ್ದ, ಮೈಯೆಲ್ಲ ಬೆವರು. ಕೈ ಮೊಣಕೈವರೆಗೆ ಬಾತು ಹೊಳೆಯುತ್ತಿತ್ತು. ತೋರುಬೆರಳು ಮಾತ್ರ ಮೇಣದಂತೆ ಬೆಳ್ಳಗೆ. ಯಮನೂರಸಾಬ ಮುಟ್ಟಿ ನೋಡಿದ. ತಣ್ಣಗಿತ್ತು.

"ರಾತ್ರೆಲ್ಲಾ ಕಣ್ಣ ಮುಚ್ಚಿಲ್ರಿ" ಅಂದಳು ಮುತ್ತುರಾಜನ ಹೆಂಡತಿ ರೋಹಿಣಿ. "ತಂತಿಗೆ ಹಿಂಗ ಬಾಯ್ತೈತೇನ್ರಿ ಕಾಕಾ?"

ಅವನು ಟೆಂಪೋ ತರಲು ಓಡಿದ.

ಹುಬ್ಬಳ್ಳಿಯ ದವಾಖಾನೆ ಮುಟ್ಟಿದಾಗ ಹನ್ನೆರಡಾಗಿತ್ತು. ಅಲ್ಲಿನ ಸರ್ಜನ್ ವಯಸ್ಸಿನಲ್ಲಿ ಚಿಕ್ಕವರು. ಅವರೂ ಅದನ್ನೇ ಕೇಳಿದರು, ಏನು ಚುಚ್ಚಿತು ಎಂದು. ಈ ಸಲ ಯಮನೂರಸಾಬ ನೆಲ ನೋಡುತ್ತ ಅಂದ: "ಎಣ್ಣಿ ರೀ. ಪ್ರೆಸ್ಸಿನ ಎಣ್ಣಿ. ಒತ್ತಡದಾಗಿತ್ತು."

ರೋಹಿಣಿ ಗಕ್ಕನೆ ಅವನ ಕಡೆ ತಿರುಗಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಎಷ್ಟು ಹೊತ್ತಾಯಿತು?"

"ನಿನ್ನೆ ಮೂರಕ್ಕ. ಇಪ್ಪತ್ತೊಂದ ತಾಸ ಆತ್ರಿ."

ಡಾಕ್ಟರು ಬೆರಳನ್ನು ಒತ್ತಿ ನೋಡಿದರು. ಆಮೇಲೆ ರೋಹಿಣಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. ಕೂದಲಿಗಿಂತ ಸಣ್ಣ ತೂತಿನಿಂದ ಬಂದ ಎಣ್ಣೆ ಸೂಜಿಯ ಹಾಗೆ ಚರ್ಮ ಸೀಳಿ ಒಳಗೆ ನುಗ್ಗಿದೆ. ಹೊರಗೆ ಒಂದು ಚುಕ್ಕೆ, ಒಳಗೆ ನರದ ದಾರಿ ಹಿಡಿದು ಅಂಗೈ ದಾಟಿ ಮಣಿಕಟ್ಟಿನವರೆಗೆ ಹರಡಿದೆ. ಅದು ಹರಡಿದಲ್ಲೆಲ್ಲ ಮಾಂಸ ಸಾಯುತ್ತದೆ. "ನಿನ್ನೆ ಸಂಜೆಯೇ ಬಂದಿದ್ದರೆ ಸೀಳಿ ತೊಳೆಯುತ್ತಿದ್ದೆವು. ಕೈ ಉಳಿಸುವ ಆಸೆ ಇರುತ್ತಿತ್ತು. ಯಾಕೆ ತಡ ಮಾಡಿದಿರಿ?"

ಆ ದಿನ ಎರಡು ಬೆರಳು ತೆಗೆದರು. ಐದನೆಯ ದಿನ ಮಣಿಕಟ್ಟಿನವರೆಗೆ ಕೈಯನ್ನೇ ತೆಗೆದರು.

ಫೆಬ್ರವರಿಯಲ್ಲಿ ಈಶಪ್ಪ ಯಮನೂರಸಾಬನನ್ನು ಆಫೀಸಿಗೆ ಕರೆದು ಟೈಪು ಮಾಡಿದ ಒಂದು ಹಾಳೆ ಮುಂದಿಟ್ಟ. ಮೋಟರು ನಡೆದಿದ್ದಾಗ, ಫಿಟ್ಟರ್ ಬೇಡವೆಂದರೂ ಕೇಳದೆ, ಕೆಲಸಗಾರ ತಾನಾಗಿ ಕೈ ಹಾಕಿದ ಎಂದು ಅದರಲ್ಲಿತ್ತು.

"ಮೋಟರ್ ನಡದಿರಲಿಲ್ಲಲ್ರೀ, ಸಾಹೇಬ್ರ."

"ನಿಂತಿತ್ತು ಅಂತ ಬರದ್ರ ಕೈ ಹಾಕಂದವರು ಯಾರು ಅಂತ ಕೇಳ್ತಾರ" ಅಂದ ಈಶಪ್ಪ. "ಆಮ್ಯಾಲೆ ಪೊಲೀಸರು ಬರೂದು ನಿನ್ನ ಮನಿಗೆ, ನನ್ನ ಮನಿಗಲ್ಲ. ಸಹಿ ಮಾಡು."

ಯಮನೂರಸಾಬನಿಗೆ ಐವತ್ತೇಳು ವರ್ಷ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವನಲ್ಲ. ಸಹಿ ಮಾಡಿದ. ಮನೆಗೆ ಹೋಗಿ ಹೆಂಡತಿ ಮುಮ್ತಾಜಳಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಖರೇನ ಮೋಟರ್ ನಡದಿತ್ತೇನು?" ಎಂದು ಕೇಳಿದಳು. "ಇಲ್ಲ" ಅಂದ. ಅವಳು ಮತ್ತೆ ಬಡಿಯತೊಡಗಿದಳು. ಆ ರಾತ್ರಿ ತಾಟು ಮುಂದಿಟ್ಟಳೇ ಹೊರತು ಉಣ್ಣು ಅನ್ನಲಿಲ್ಲ.

ಏಪ್ರಿಲ್ಲಿನಲ್ಲಿ ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಕರೆದರು. ಮೊದಲಾಗಿದ್ದರೆ ಇಂಥದಕ್ಕೆಲ್ಲ ಧಾರವಾಡಕ್ಕೆ ಅಲೆಯಬೇಕಿತ್ತು. ಈಗ ಗದಗಿನಲ್ಲೇ ಒಂದು ಬಾಡಿಗೆ ಮನೆಯಲ್ಲಿ ಆಫೀಸು ಮಾಡಿದ್ದರು. ಅಡಿಗೆ ಮನೆಯ ಕಟ್ಟೆಯ ಮೇಲೆ ಫೈಲುಗಳನ್ನು ಪೇರಿಸಿದ್ದರು. ಮುತ್ತುರಾಜ ಬೆಂಚಿನ ಮೇಲೆ ಕುಳಿತಿದ್ದ. ಅಂಗಿಯ ಬಲತೋಳನ್ನು ರೋಹಿಣಿ ಮಡಿಚಿ ಹೊಲಿದಿದ್ದಳು. ಯಮನೂರಸಾಬನನ್ನು ಕಂಡು ಅವನು ಎದ್ದು ನಿಂತ, ಹಿರಿಯರು ಬಂದರೆ ಏಳುವುದು ಅವನ ರೂಢಿ. ಆ ಏಳುವಿಕೆ ಯಮನೂರಸಾಬನನ್ನು ಕೊಂದು ಹಾಕಿತು.

ವಿಚಾರಣೆಯ ಸಾಹೇಬರು ಈಶಪ್ಪ ಕೊಟ್ಟ ಹಾಳೆ ಓದಿ ಕೇಳಿದರು: "ಈ ಸಹಿ ನಿಮ್ಮದೇನು?"

"ಸಹಿ ನಂದ ರೀ. ಬರದದ್ದು ಖರೆ ಅಲ್ಲ."

ಪಕ್ಕದಲ್ಲಿದ್ದ ಈಶಪ್ಪ ಕೆಮ್ಮಿದ. ಯಮನೂರಸಾಬ ಅವನ ಕಡೆ ನೋಡಲಿಲ್ಲ. ಕರೆಂಟು ಹೋದದ್ದು, ಮುತ್ತುರಾಜ ಕೈಯಿಂದಲೇನು ಎಂದು ಕೇಳಿದ್ದು, ತಾನು ಹೂಂ ಅಂದದ್ದು ಎಲ್ಲ ಹೇಳಿದ.

"ಮೋಟರು ನಿಂತ ಮೇಲೆ ಒತ್ತಡ ಎಲ್ಲಿಂದ ಬಂತು?" ಎಂದರು ಸಾಹೇಬರು.

"ಒತ್ತಿಸಿಕೊಂಡ ಅರಳಿ ಹಿಗ್ಗಾಕ ನೋಡತೈತ್ರಿ. ಅದು ಮ್ಯಾಲಿಂದ ಕಂಬಾನ್ನ ಕೆಳಗ ಒತ್ತತಿತ್ತು. ವಾಲ್ವು ಮುಚ್ಚಿತ್ತು, ಎಣ್ಣಿಗೆ ಹೋಗಾಕ ದಾರಿ ಇರಲಿಲ್ಲ. ಎಣ್ಣಿ ನಿಂತಿತ್ತು ಖರೆ. ನಿಂತೈತಿ ಅಂದ್ರ ಒತ್ತಡ ಇಲ್ಲ ಅಂತಲ್ರೀ. ಅದು ನನಗ ಗೊತ್ತಿತ್ತು. ಅವತ್ತ ಮರತೆ. ವಾಲ್ವು ಬಿಟ್ಟಾಗ ತಿಳೀತು. ತಿಳದ ಮ್ಯಾಲೂ ಡಾಕ್ಟರ್ ಮುಂದ ತಂತಿ ಅಂದೆ. ಅದನ್ನೂ ಬರಕೊಳ್ರಿ."

ಹೊರಗೆ ಬಂದಾಗ ಮುತ್ತುರಾಜ ಕಂಪೌಂಡಿನ ನೆರಳಿಗೆ ನಿಂತಿದ್ದ. ಯಮನೂರಸಾಬ ಹತ್ತಿರ ಹೋಗಿ ನಿಂತ.

"ವಾಲ್ವು ಬಿಟ್ಟಾಗ ಗೊತ್ತಾಗಿತ್ತೇನ್ರಿ ನಿಮಗ?" ಎಂದು ಮುತ್ತುರಾಜ ಕೇಳಿದ. ಕೈ ಹಾಕೆಂದದ್ದು ಅವನಿಗೆ ಗೊತ್ತಿದ್ದದ್ದೇ. ಇದು ಗೊತ್ತಿರಲಿಲ್ಲ.

"ಹೂಂ."

"ಇವತ್ತ ಇಲ್ಲಿ ಹೇಳಿದ್ದು ಆ ಸಂಜೀ ಹೇಳಬೇಕಿತ್ತ ಕಾಕಾ." ಹೊರಡಲು ತಿರುಗಿ ಅಂದ: "ಇನ್ನ ಮ್ಯಾಲೆ ಮನಿಗೆ ಬರಬ್ಯಾಡ್ರಿ. ಅವ್ವಗ ಸಹನ ಆಗಂಗಿಲ್ಲ. ನನಗೂ ಆಗಂಗಿಲ್ಲ."

ಮಳೆಗಾಲದಲ್ಲಿ ಮುತ್ತುರಾಜನ ಕಡೆ ತೀರ್ಪಾಯಿತು, ಪರಿಹಾರ ಬಂತು. ಯಮನೂರಸಾಬನನ್ನು ಸುಗ್ಗಿ ಮುಗಿದ ದಿನವೇ ಕೆಲಸದಿಂದ ಬಿಡಿಸಿದ್ದರು. ಅವನು ಮುಳಗುಂದದಲ್ಲಿ ಖಾಸಿಂಸಾಬನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಕೆಲಸ ಹಿಡಿದ. ಅಲ್ಲಿಯೂ ಟ್ರೇಲರು ಎತ್ತುವ ಎಣ್ಣೆ ಜಾಕುಗಳ ಕೆಲಸವೇ. ಯಾರಾದರೂ ಪೈಪಿನ ಹತ್ತಿರ ಕೈ ಒಯ್ದರೆ ಹುಚ್ಚನ ಹಾಗೆ ಒದರುತ್ತಿದ್ದ. ಬಂದ ರೈತರು ನಗುತ್ತಿದ್ದರು.

ಮರುವರ್ಷ ಒಂದು ದಿನ ಸೀಲು ಕೊಳ್ಳಲು ಗದಗಕ್ಕೆ ಹೋಗಿದ್ದ. ಮರಳಿ ಹೋಗಲು ನಿಲ್ದಾಣಕ್ಕೆ ಬಂದಾಗ ಲಕ್ಷ್ಮೇಶ್ವರದ ಬಸ್ಸು ನಿಂತಿತ್ತು. ಬಾಗಿಲಲ್ಲಿ ಮುತ್ತುರಾಜ ಕಂಡ. ಅವ್ವ ನೇಯ್ದ ಸೀರೆಗಳ ಗಂಟನ್ನು ಹೆಗಲಿಗೆ ಹಾಕಿಕೊಂಡು, ಎಡಗೈಯಿಂದ ಕಂಬಿ ಹಿಡಿದು ಹತ್ತಲು ನೋಡುತ್ತಿದ್ದ. ಗಂಟು ಜಾರುತ್ತಿತ್ತು, ಅದನ್ನು ತಡೆಯಲು ಇನ್ನೊಂದು ಕೈ ಇರಲಿಲ್ಲ. ಯಮನೂರಸಾಬ ಎರಡು ಹೆಜ್ಜೆ ಮುಂದೆ ಹೋದ. ಅಷ್ಟರಲ್ಲಿ ಮುತ್ತುರಾಜ ಇವನನ್ನು ನೋಡಿದ. ಒಂದು ಗಳಿಗೆ ನೋಡಿ, ಗಂಟನ್ನು ಗದ್ದದಿಂದ ಅದುಮಿ ಹಿಡಿದು ಹತ್ತಿ ಒಳಗೆ ಹೋದ.

ಆ ಬಸ್ಸು ಮುಳಗುಂದದ ಮೇಲೆಯೇ ಹೋಗುವುದು. ಕಂಡಕ್ಟರು ಬಾಗಿಲಲ್ಲಿ ನಿಂತು, "ಮುಳಗುಂದ, ಮುಳಗುಂದ, ಹತ್ರಿ" ಎಂದು ಕೂಗಿದ. ಯಮನೂರಸಾಬ ಹತ್ತಲಿಲ್ಲ. ಬಸ್ಸು ಹೋದ ಮೇಲೆ ಕಲ್ಲು ಬೆಂಚಿನ ಮೇಲೆ ಕುಳಿತು ಮುಂದಿನ ಬಸ್ಸಿಗಾಗಿ ಕಾದ.