ಸಿಂಹಾಯದ ಚೌಕಟ್ಟು

“ಅಳತೆ ಕೊಟ್ಟೋಳು ನಾನು! ದಪ್ಪ ಜಾಸ್ತಿ ಮಾಡು ಅಂತ ಯಾವನು ಏಳಿದ್ದ ನಿಂಗೆ?”

“ಬಾಯ್ ಮುಚ್ಚಮ್ಮಿ. ಉಳಿ ಇಡ್ಯಕ್ಕೆ ಬರಕ್ಕಿಲ್ಲ, ನಂಗೇ ಪಾಠ ಏಳಕ್ಕೆ ಬಂದವ್ಳೆ.”

ಅಕ್ಕಿಹೆಬ್ಬಾಳಿನ ಬಡಗಿ ಸುಬ್ರಹ್ಮಣ್ಯಾಚಾರಿಯೂ ಅವನ ಮಗಳು ರಮ್ಯಶ್ರೀಯೂ ಹೀಗೆ ಅರಚಾಡುತ್ತಿದ್ದದ್ದು ಅಂಗೈಯಗಲದ ಒಂದು ಮರದ ಚೌಕಟ್ಟಿಗಾಗಿ. ಅದರ ಎರಡೂ ಕಡೆ ಗಾಜು ಅಂಟಿಸಿ, ಒಳಗೆ ಹಾಲು ಬೆರೆಸಿದ ನೀರು ತುಂಬಬೇಕು. ಅಂಥವು ನಾಲ್ಕು.

ರಮ್ಯಶ್ರೀ ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಶುಕ್ರಗ್ರಹದ ಮೋಡದೊಳಗೆ ಬಿಸಿಲು ಹೇಗೆ ಚದುರುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಇಡೀ ಮೋಡವನ್ನು ಒಂದೇ ಸಲಕ್ಕೆ ಲೆಕ್ಕ ಹಾಕಲು ಯಾರ ಕೈಲೂ ಆಗುವುದಿಲ್ಲ. ಮೊದಲು ತೆಳ್ಳನೆಯ ಒಂದು ಪದರ ಹಿಡಿದು, ಎಷ್ಟು ಬೆಳಕು ದಾಟಿತು, ಎಷ್ಟು ವಾಪಸ್ಸು ಬಂತು ಎಂದು ನೋಡಬೇಕು. ಅದಕ್ಕೆ ಅಂಥದ್ದೇ ಇನ್ನೊಂದನ್ನು ಸೇರಿಸಿದರೆ ಬೆಳಕು ಎರಡರ ನಡುವೆ ಹೋಗಿ ಬಂದು ಏನಾಗುತ್ತದೆ ಎನ್ನುವುದಕ್ಕೆ ಸೂತ್ರವಿದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹಾಗೇ ಮೋಡದ ತಳ ಸಿಗುತ್ತದೆ. ಪದರಗಳೆಲ್ಲ ಒಂದೇ ದಪ್ಪ ಇರಬೇಕು, ಅಷ್ಟೆ. ಈ ಸೂತ್ರವನ್ನು ಪರೀಕ್ಷಿಸಲು, ಮೋಡದ ಪದರದ ಬದಲಿಗೆ, ಹಾಲುನೀರಿನ ಚೌಕಟ್ಟುಗಳು.

ಎರಡರವರೆಗೆ ಲೆಕ್ಕ ಕೂಡಿತು. ನಾಲ್ಕಕ್ಕೆ ಕೆಟ್ಟಿತು. ಒಂದು ಮಳೆಗಾಲವೆಲ್ಲ ಅವಳು ಸೂತ್ರದಲ್ಲಿ ತಪ್ಪು ಹುಡುಕಿದಳು. ಚೌಕಟ್ಟಿಗೆ ಸ್ಕೇಲು ಹಿಡಿಯಲಿಲ್ಲ. ಆ ಮನೆಯಲ್ಲಿ ಅಪ್ಪ ಅಳೆದದ್ದನ್ನು ಮತ್ತೆ ಯಾರೂ ಅಳೆಯುವುದಿಲ್ಲ. ಅಳೆದರೆ ಅವನು ಊಟ ಬಿಡುತ್ತಾನೆ. ಕೊನೆಗೆ ನಿನ್ನೆ ಸ್ಕೇಲು ಹಿಡಿದಳು. ನಾಲ್ಕನೆಯದು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ದಪ್ಪವಿತ್ತು.

“ನಾಲ್ಕೂ ಜೋಡ್ಸಿ ಅಳೆದೆ ಕಣಮ್ಮಿ. ಎಂಟ್ರಲ್ಲಿ ಭಾಗ್ಸುದ್ರೆ ಎರಡು ನೂಲು ಉಳೀತು. ಧೂಮಾಯ, ಮನೆಗೇ ಕೇಡು! ಅಂತಾ ಸಾಮಾನು ಈ ಕೈಯಿಂದ ಆಚೀಕೆ ಓಗಕ್ಕಿಲ್ಲ. ಒಂದು ನೂಲು ಸೇರುಸ್ದೆ, ಮೂರು ಉಳೀತು. ಸಿಂಹಾಯ, ಒಳ್ಳೇದು.”

“ಆಯ ನೋಡೋದು ಮನೆಗೆ, ಬಾಗ್ಲಿಗೆ ಕಣಪ್ಪ. ಇದ್ರೊಳಗೆ ಯಾರು ಸಂಸಾರ ಮಾಡ್ತಾರೆ?”

“ಒಳೀಕೆ ಆಲು ಉಯ್ತೀಯ ತಾನೆ? ಆಲು ಉಯ್ದ್ಮೇಲೆ ಅದೂ ಮನೇನೇ.”

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ದೊಡ್ಡತಾಯಮ್ಮ, “ಶುಕ್ರನ್ ಮನೆಗೂ ಇವ್ನೇ ಆಯ ಆಕ್ಬೇಕೇನೋ” ಎಂದಳು. ಯಾರೂ ನಗಲಿಲ್ಲ.

ರಮ್ಯಶ್ರೀ ದನಿ ತಗ್ಗಿಸಿದಳು. ನಾಳೆ ವಿಭಾಗದಲ್ಲಿ ಎಲ್ಲರ ಮುಂದೆ ಬೆಳಕು ಅಳೆದು ತೋರಿಸಬೇಕಿತ್ತು. ಆ ಒಂದು ನೂಲನ್ನು ಲೆಕ್ಕದಲ್ಲೇ ಸರಿಮಾಡುತ್ತೇನೆ ಎಂದರೆ ಅವಳ ಮೇಷ್ಟ್ರು ಶ್ರೀನಾಥ್ ಒಪ್ಪಿರಲಿಲ್ಲ. ಒಂದೇ ದಪ್ಪದ ನಾಲ್ಕು ತಾ, ಇಲ್ಲವೇ ಅಧ್ಯಾಯ ಕಿತ್ತುಹಾಕು ಎಂದಿದ್ದರು. ಅದನ್ನು ಕಿತ್ತರೆ ಪ್ರಬಂಧದಲ್ಲಿ ಉಳಿಯುವುದು ಪೀಠಿಕೆ ಮಾತ್ರ.

“ಒಂದು ನೂಲು ಉಜ್ಜಿ ಕೊಡಪ್ಪ. ಸಂಜೆ ರೈಲಿಗೆ ಓಗ್ಬೇಕು.”

“ಧೂಮಾಯಕ್ಕೆ ನಾ ಉಜ್ಜಕ್ಕಿಲ್ಲ.”

“ಮೂರು ವರ್ಷದ ಕೆಲ್ಸ ಓಯ್ತದೆ.”

“ಓಗ್ಲಿ. ಮನೆತನ ಉಳೀತದೆ.”

ಅವಳು ನಾಲ್ಕನೆಯದರ ಗಾಜು ಬಿಡಿಸಿದಳು. ಗೋಡೆಯ ಪಕ್ಕ ಇದ್ದ ಉಜ್ಜುಗೊರಡು ಎತ್ತಿಕೊಂಡು ತಾನೇ ಉಜ್ಜತೊಡಗಿದಳು. ಮರ ಸಿಬಿರೆದ್ದಿತು. ಸುಬ್ರಹ್ಮಣ್ಯಾಚಾರಿ ಎರಡು ಹೆಜ್ಜೆ ಮುಂದೆ ಬಂದು, “ಎಳೆಗೆ ಎದುರಾಗಿ ಉಜ್ಜ್ತಾ ಇದ್ದೀಯಲ್ಲೇ!” ಎಂದು ಕಿರುಚಿ, ಮತ್ತೆ ಹಿಂದಕ್ಕೆ ಹೋಗಿ ಬಾಗಿಲಿಗೆ ಒರಗಿ ನಿಂತ. ಅವಳು ತಿರುಗಿಸಿ ಹಿಡಿದಳು. ಉಜ್ಜುವುದು, ಸ್ಕೇಲು ಹಿಡಿಯುವುದು, ಮತ್ತೆ ಉಜ್ಜುವುದು.

ಕೊನೆಗೆ ನಾಲ್ಕೂ ಸಮವಾದವು. ನಾಲ್ಕನೆಯದು ಮಾತ್ರ ಮೇಕೆ ಕಡಿದ ಹಾಗಿತ್ತು.

ಅವನು ಬಂದು ಅದರ ಮೇಲೆ ಹೆಬ್ಬೆರಳು ಆಡಿಸಿದ.

“ನಾನು ಮಾಡ್ದೆ ಅಂತ ಅಲ್ಲಿ ಯಾರ್ಗೂ ಏಳ್ಬ್ಯಾಡ.”

“ಪ್ರಬಂಧದಲ್ಲಿ ನಿನ್ ಎಸ್ರು ಬರ್ದ್ಬುಟ್ಟಿವ್ನಿ.”

“ಅಳಿಸ್ಬುಡು.”

ಚಪ್ಪಲಿ ಮೆಟ್ಟಿ ಹೊಳೆಯ ದಿಕ್ಕಿಗೆ ಹೊರಟ. ಎಲ್ಲಿಗ್ಲಾ ಎಂದು ದೊಡ್ಡತಾಯಮ್ಮ ಕೂಗಿದ್ದಕ್ಕೆ ತಿರುಗಿ ನೋಡಲಿಲ್ಲ. ರಮ್ಯಶ್ರೀ ಚೌಕಟ್ಟುಗಳನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಅಪ್ಪ ಬಂದಮೇಲೆ ಹೊರಡೋಣವೆಂದು ಜಗಲಿಯಲ್ಲಿ ಕೂತಳು. ರೈಲಿನ ಹೊತ್ತಾಯಿತು. ಅವನು ಬರಲಿಲ್ಲ.